ಮಲಗಿದ ನೀರು

ನಮ್ಮ ಮನೆಯಲ್ಲಿ ನೀರಿಗೂ ನಿದ್ದೆ ಇತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅದೂ ಪೈಪಿನೊಳಗೆ ಮಲಗುತ್ತಿತ್ತು. ಬೆಳಿಗ್ಗೆ ಅಮ್ಮ ಎಲ್ಲರಿಗಿಂತ ಮೊದಲು ಎದ್ದು, ಅಡುಗೆಮನೆಯ ನಲ್ಲಿ ತಿರುಗಿಸಿ, ಕೆಳಗೊಂದು ಅಗಲ ಬಾಯಿಯ ಪಾತ್ರೆ ಇಟ್ಟು, ಬೀಳುವ ಧಾರೆಗೆ ತೋರುಬೆರಳು ಒಡ್ಡಿ ನಿಲ್ಲುತ್ತಿದ್ದಳು. ಸ್ವಲ್ಪ ಹೊತ್ತು ಮಂದವಾಗಿ, ಮೈಬಿಸಿಯಷ್ಟೇ ಬೆಚ್ಚಗೆ ಬರುತ್ತಿದ್ದ ನೀರು ಒಮ್ಮೆಲೇ ತಣ್ಣಗಾಗುತ್ತಿತ್ತು. ಆಗ ಅವಳು ಬೆರಳು ತೆಗೆದು "ಎದ್ದಿತು" ಎನ್ನುತ್ತಿದ್ದಳು. ಕುಡಿಯುವ ಬಿಂದಿಗೆ ನಲ್ಲಿಯ ಕೆಳಗೆ ಬರುತ್ತಿದ್ದದ್ದು ಆಮೇಲೆಯೇ. ಪಾತ್ರೆಯಲ್ಲಿ ಹಿಡಿದ ಮೊದಲ ನೀರಿಗೆ ಮಲಗಿದ ನೀರು ಎಂದು ಹೆಸರು. ಅದು ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದ ಹೂವಿನ ಕುಂಡಗಳ ಪಾಲು.

ಈ ಪದ ಬೇರೆ ಯಾರ ಮನೆಯಲ್ಲೂ ಇಲ್ಲವೆಂದು ನನಗೆ ಗೊತ್ತಾದದ್ದು ಶಾಲೆಯಲ್ಲಿ. ಗೆಳತಿಯೊಬ್ಬಳು ನಲ್ಲಿಗೆ ಬಾಯಿ ಒಡ್ಡಿದಾಗ "ತಡಿಯೇ, ಅದಿನ್ನೂ ಎದ್ದಿಲ್ಲ" ಎಂದುಬಿಟ್ಟೆ. ಆಮೇಲೆ ಆ ವರ್ಷವೆಲ್ಲ ನಾನು ನೀರು ಕುಡಿಯಲು ಹೋದಾಗಲೆಲ್ಲ ಯಾರಾದರೊಬ್ಬರು ನಲ್ಲಿಗೆ ಜೋಗುಳ ಹಾಡುತ್ತಿದ್ದರು.

ಪದ ಹುಟ್ಟಿದ್ದು ಕಬ್ಬಿಣದ ಪೈಪುಗಳ ಕಾಲದಲ್ಲಿ. ಆಗ ಬೆಳಗಿನ ಮೊದಲ ನೀರು ಇಟ್ಟಿಗೆಪುಡಿ ಕದಡಿದಂತೆ ಕೆಂಪಗೆ ಬರುತ್ತಿತ್ತು. ತಿಳಿಯಾಗುವ ತನಕ ಬಿಡದೆ ವಿಧಿಯಿರಲಿಲ್ಲ. ಆ ಪೈಪುಗಳನ್ನು ಕಿತ್ತು ಪ್ಲಾಸ್ಟಿಕ್ ಪೈಪು ಹಾಕಿದವನು ನನ್ನ ಅಪ್ಪ. ನಮ್ಮ ಮನೆಗೆ ಮಾತ್ರವಲ್ಲ, ನಮ್ಮ ಬೀದಿಯ ಹೆಚ್ಚಿನ ಮನೆಗಳಿಗೆ. ಅವನು ಕೊಳಾಯಿ ಕೆಲಸದ ಮೇಸ್ತ್ರಿ. ಕಿತ್ತ ಕಬ್ಬಿಣದ ಪೈಪಿನ ಒಂದು ತುಂಡನ್ನು ನನ್ನ ಕಣ್ಣಿಗೆ ದುರ್ಬೀನಿನಂತೆ ಹಿಡಿದದ್ದು ನೆನಪಿದೆ. ಒಳಗೆಲ್ಲ ತುಕ್ಕು ಗಂಟುಗಂಟಾಗಿ ಬೆಳೆದು, ನಡುವೆ ಪೆನ್ಸಿಲು ತೂರುವಷ್ಟು ಮಾತ್ರ ಬೆಳಕು.

"ನೋಡು, ಇಷ್ಟು ದಿನ ಈ ಮೂಗಿನ ಹೊಳ್ಳೇಲಿ ನೀರು ಕುಡೀತಿದ್ವಿ" ಎಂದ ಅಪ್ಪ. "ಇನ್ಮೇಲೆ ಒಳಗೆಲ್ಲ ಗಾಜಿನ ಹಾಗೆ."

ಹೊಸ ಪೈಪುಗಳು ಹಗುರ. ಆನೆಯಂತಿದ್ದ ಕಬ್ಬಿಣವನ್ನು ಇಬ್ಬರು ಹೊರುತ್ತಿದ್ದ ಕಡೆ, ಅಪ್ಪ ಒಬ್ಬನೇ ಅರ್ಧ ಡಜನ್ ಪೈಪು ಹೆಗಲಿಗೇರಿಸಿ, ಇನ್ನೊಂದು ಕೈಯಲ್ಲಿ ಬೀಡಿ ಸೇದುತ್ತ ಬೀದಿಯುದ್ದಕ್ಕೂ ನಡೆಯುತ್ತಿದ್ದ. ಅವುಗಳನ್ನು ಸೇರಿಸುವುದು ಸಲ್ಯೂಷನ್ನಿನಿಂದ. ಅದು ಸಣ್ಣ ಡಬ್ಬಿಯಲ್ಲಿ ಬರುವ ಅಂಟು, ಮುಚ್ಚಳಕ್ಕೇ ಕುಂಚ ಕಟ್ಟಿರುತ್ತದೆ. ಬೇರೆ ಮೇಸ್ತ್ರಿಗಳು ಪೈಪಿನ ತುದಿಗೆ ಒಂದು ಸುತ್ತು ಸವರಿ ತೂರಿಸಿಬಿಡುತ್ತಿದ್ದರು. ಅಪ್ಪನದು ಎರಡು ಕೈ. ಪೈಪಿಗೊಂದು ಕೈ, ಪೈಪು ಕೂರುವ ಜೋಡಣೆ ತುಂಡಿನ ಬಾಯೊಳಗೆ ಇನ್ನೊಂದು ಧಾರಾಳ ಕೈ. ತೂರಿಸಿ ತಿರುವಿ, ಹೊರಗೆ ಉಬ್ಬಿ ಬಂದ ಅಂಟನ್ನು ಹೆಬ್ಬೆರಳಿನಿಂದ ಒರೆಸಿ ಅಂಗಿಗೆ ಬಳಿದುಕೊಳ್ಳುತ್ತಿದ್ದ. ಅವನು ಹಾಕಿದ ಜಾಯಿಂಟು ಸೋರಿದ್ದನ್ನು ಯಾರೂ ನೋಡಿರಲಿಲ್ಲ. ಹಾಗಾಗಿ ಅವನಿಗೆ ಸೋರದ ಮೇಸ್ತ್ರಿ ಎಂದೇ ಹೆಸರು ಬಿತ್ತು. ಯಾರಾದರೂ ನಿಜವಾದ ಹೆಸರು ಹಿಡಿದು ವಿಚಾರಿಸಿದರೆ ಮೂಲೆಯ ಕ್ಷೌರದಂಗಡಿಯವನು ಯೋಚಿಸಿ "ಆ ಹೆಸರಿನವರು ಇಲ್ಲಿಲ್ಲ" ಎಂದು ಕಳಿಸಿಬಿಡುತ್ತಿದ್ದನಂತೆ.

ಸಂಜೆ ಅಪ್ಪ ಬಂದನೆಂದರೆ ಬಾಗಿಲು ತೆರೆಯುವ ಮೊದಲೇ ಸಲ್ಯೂಷನ್ನಿನ ವಾಸನೆ ಬರುತ್ತಿತ್ತು. ಸ್ವಲ್ಪ ಸಿಹಿ, ಸ್ವಲ್ಪ ಚುರುಕು, ಮೂಗಿನ ಮೇಲ್ಭಾಗವನ್ನು ತಣ್ಣಗೆ ಮುಟ್ಟಿ ಹೋಗುವಂಥದ್ದು. ನಾನೂ ತಮ್ಮನೂ ಓಡಿಹೋಗಿ ಅವನ ಅಂಗಿಯಲ್ಲಿ ಮುಖ ಹುದುಗಿಸುತ್ತಿದ್ದೆವು. "ಬಿಡ್ರೋ, ಕೊಳೆ" ಎನ್ನುತ್ತಿದ್ದ. ಬಿಡುತ್ತಿರಲಿಲ್ಲ.

ಪ್ಲಾಸ್ಟಿಕ್ ಪೈಪು ಬಂದ ಮೇಲೆ ಕೆಂಪು ನೀರು ನಿಂತಿತು. ಅಮ್ಮ ಬೆರಳು ಒಡ್ಡುವುದನ್ನು ನಿಲ್ಲಿಸಲಿಲ್ಲ.

"ತುಕ್ಕೇ ಇಲ್ಲ, ಇನ್ನೂ ಯಾಕೆ ಸುರೀತೀಯೇ?" ಎಂದು ಅಪ್ಪ ರೇಗಿಸುತ್ತಿದ್ದ. "ನಿನ್ನ ನೀರು ಎದ್ದಿತಾ? ಮುಖ ತೊಳೀತಾ? ಕಾಫಿ ಆಯ್ತಂತಾ?"

"ಇಡೀ ರಾತ್ರಿ ಕತ್ತಲೇಲಿ ಒಂದೇ ಕಡೆ ನಿಂತಿರುತ್ತೆ. ಅದಕ್ಕೂ ಬೇಜಾರಾಗಲ್ವಾ? ಸ್ವಲ್ಪ ಓಡಾಡಲಿ" ಎನ್ನುತ್ತಿದ್ದಳು ಅಮ್ಮ. ಅದು ಅವಳ ವಿಜ್ಞಾನ. ಅದರಲ್ಲಿ ಸರಿಯಾದದ್ದು ಒಂದಂಶವೂ ಇರಲಿಲ್ಲವೆಂದು ನಾನು ಹೈಸ್ಕೂಲಿನಲ್ಲೇ ತೀರ್ಮಾನಿಸಿದ್ದೆ.

ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಒಂದು ಮಧ್ಯಾಹ್ನ ಕಂದು ಬಣ್ಣದ ಬಾಟಲಿಯೊಂದರ ಮುಚ್ಚಳ ತೆರೆದೆ. ಎದುರಿಗೆ ಅಪ್ಪ ಬಂದು ನಿಂತ ಹಾಗಾಯಿತು. ಬಾಟಲಿಯ ಚೀಟಿಯಲ್ಲಿದ್ದ ಹೆಸರು ಟೆಟ್ರಾಹೈಡ್ರೋಫ್ಯುರಾನ್. ನಾನು ಮುಚ್ಚಳ ಕೈಯಲ್ಲೇ ಹಿಡಿದು, ಯಾರಿಗೆ ಹೇಳುತ್ತಿದ್ದೇನೆಂಬ ಪರಿವೆಯಿಲ್ಲದೆ, "ಇದು ನಮ್ಮಪ್ಪ" ಎಂದೆ. ಪಕ್ಕದ ಮೇಜಿನವರು ನಕ್ಕರು. ಮೇಷ್ಟ್ರು "ಅಪ್ಪನ್ನ ಮುಚ್ಚಮ್ಮ, ತಲೆನೋವು ಬರುತ್ತೆ" ಎಂದರು. ಅಂಟಿನಲ್ಲಿ ಮುಖ್ಯವಾಗಿ ಇರುವುದು ಇಂಥ ದ್ರಾವಕಗಳೇ: ಅವು ಪ್ಲಾಸ್ಟಿಕ್ಕನ್ನು ಸ್ವಲ್ಪ ಕರಗಿಸಿ, ಎರಡು ತುಂಡುಗಳನ್ನು ಒಂದಾಗಿಸಿ, ಮೆಲ್ಲಗೆ ಆರಿಹೋಗುತ್ತವೆ. ಎಲ್ಲಿಗೆ ಆರಿಹೋಗುತ್ತವೆ ಎಂದು ಆಗ ನಾನು ಕೇಳಿಕೊಂಡಿರಲಿಲ್ಲ. ಗಾಳಿಗೆ ಎಂದು ಭಾವಿಸಿದ್ದೆ.

ಮುಂದೆ ನನಗೆ ಕೆಲಸ ಸಿಕ್ಕಿದ್ದು ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ, ಮನೆಯಿಂದ ರೈಲಿನಲ್ಲಿ ಅರ್ಧ ದಿನದ ದೂರ. ಅಪ್ಪ ನನ್ನನ್ನು "ನೀರಿನ ಡಾಕ್ಟ್ರು" ಎಂದು ಎಲ್ಲರಿಗೂ ಪರಿಚಯಿಸುತ್ತಿದ್ದ. "ನಾನು ನೀರು ಕಳಿಸ್ತೀನಿ, ಅವಳು ನಾಡಿ ನೋಡ್ತಾಳೆ."

ತಮ್ಮನಿಗೆ ಮದುವೆಯಾಗಿ, ಮನೆಯ ಮೇಲೆ ಇನ್ನೊಂದು ಅಂತಸ್ತು ಎದ್ದಿತು. ಆ ಹೊತ್ತಿಗೆ ಅಪ್ಪ ಕೆಲಸ ಬಿಟ್ಟಿದ್ದ; ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಆದರೂ ಮಗನ ಮನೆಗೆ ಪರರ ಕೈಯಲ್ಲಿ ಪೈಪು ಹಾಕಿಸುವುದುಂಟೇ? ಹಳೆಯ ಚೀಲ ಇಳಿಸಿ, ಒಂದು ಮರದ ಮಣೆ ಎಳೆದುಕೊಂಡು ಕೂತು, ಗರಗಸ ಹಿಡಿದ. ತಮ್ಮ ಹೊಸ ಗೋಡೆ ಕೊರೆಯಕೂಡದೆಂದು ಹಟ ಹಿಡಿದದ್ದರಿಂದ, ತೊಟ್ಟಿಯಿಂದ ಹೊರಟ ಪೈಪು ತಾರಸಿಯ ಅಂಚಿನುದ್ದಕ್ಕೂ ಬಿಸಿಲಲ್ಲಿ ಹರಿದು, ಕಿಟಕಿಗಳನ್ನು ಬಳಸಿ, ಹತ್ತಾರು ಕಡೆ ತಿರುಗಿ ಅಡುಗೆಮನೆ ಸೇರಿತು. ಪ್ರತಿ ತಿರುವಿಗೂ ಒಂದು ಮೊಣಕೈ ತುಂಡು, ಪ್ರತಿ ಮೊಣಕೈಗೂ ಎರಡು ಜಾಯಿಂಟು, ಪ್ರತಿ ಜಾಯಿಂಟಿಗೂ ಅಪ್ಪನ ಧಾರಾಳದ ಎರಡು ಕೈ. ಕೆಲಸ ಮುಗಿದ ಸಂಜೆಯೇ ನೀರು ತುಂಬಿಸಿ, ಟಾರ್ಚು ಹಿಡಿದು ಒಂದೊಂದು ಜಾಯಿಂಟನ್ನೂ ಸವರಿ ನೋಡಿ, ಕೈ ಒಣಗಿರುವುದನ್ನು ತಮ್ಮನ ಕೆನ್ನೆಗೆ ಮುಟ್ಟಿಸಿ ತೋರಿಸಿದನಂತೆ.

ಅದಾದ ಕೆಲವೇ ದಿನಕ್ಕೆ ತಮ್ಮನ ಹೆಂಡತಿ ತವರಿನಿಂದ ಕೂಸನ್ನು ಎತ್ತಿಕೊಂಡು ಬಂದು ಮೇಲಿನ ಮನೆಯಲ್ಲಿ ಸಂಸಾರ ಹೂಡಿದಳು. ಅವಳಿಗೆ ಹಾಲು ಸಾಲುತ್ತಿರಲಿಲ್ಲ. ಕೂಸಿಗೆ ಪುಡಿ ಹಾಲನ್ನು ಕುದಿಸಿದ ನೀರಿನಲ್ಲಿ ಕಲಸಿ ಬಾಟಲಿಯಲ್ಲಿ ಕೊಡುತ್ತಿದ್ದಳು. ಒಂದು ವಾರವೂ ಆಗಿರಲಿಲ್ಲ, ನೀರು ವಾಸನೆ ಎಂದಳು.

ಅವಳ ಮೂಗು ಮೊದಲೇ ಮನೆಯಲ್ಲಿ ಪ್ರಸಿದ್ಧ. ಪಕ್ಕದ ಮನೆಯವರು ಈರುಳ್ಳಿ ಹೆಚ್ಚಿದರೆ ಇವಳಿಗೆ ಗೊತ್ತಾಗುತ್ತಿತ್ತು. ತಮ್ಮ ಕದ್ದು ಸೇದಿದ ಸಿಗರೇಟು ಮರುದಿನವೂ ಸಿಕ್ಕಿಬೀಳುತ್ತಿತ್ತು. ಅಪ್ಪ ಅವಳಿಗೆ ಮೂಗಿನ ರಾಣಿ ಎಂದು ಹೆಸರಿಟ್ಟಿದ್ದ.

"ಹೊಸ ಬಣ್ಣದ ವಾಸನೆ ಅದು, ರಾಣಿಯವರೇ" ಎಂದ ಅಪ್ಪ.

"ಬಣ್ಣ ಅಲ್ಲ ಮಾವ. ನೀರು ಕುದಿಯೋವಾಗ ಜಾಸ್ತಿ ಬರುತ್ತೆ. ಮಗೂನೂ ಬೆಳಗಿನ ಬಾಟಲಿ ಬಾಯಿಗೇ ಹಾಕ್ತಿಲ್ಲ. ಮಧ್ಯಾಹ್ನದ್ದು ಕುಡಿಯುತ್ತೆ."

"ಬೆಳಿಗ್ಗೆ ನಿದ್ದೆಗಣ್ಣು. ನಿನ್ನ ಗಂಡನೂ ಹಾಗೇ ಇದ್ದ, ಎಮ್ಮೆ ಹಾಗೆ ಮಲಗಿರ್ತಿದ್ದ."

"ನನ್ನ ಯಾಕೆ ಎಳೀತೀಯಪ್ಪ ಮಧ್ಯೆ" ಎಂದ ತಮ್ಮ.

ಇದನ್ನೆಲ್ಲ ಅವಳು ನನಗೆ ಫೋನಿನಲ್ಲಿ ಹೇಳಿದಳು. ಕೊನೆಗೆ, "ಅಕ್ಕ, ನಾನು ಮಾವನ ಕೆಲಸಕ್ಕೆ ಹೆಸರಿಡ್ತಿಲ್ಲ. ಆದರೆ ಅದು ಮಗು. ಅದಕ್ಕೆ ಬೇರೆ ಊಟ ಇಲ್ಲ, ಬೇರೆ ನೀರಿಲ್ಲ. ಏನಿದೆ ಅಂತ ನೀವೇ ನೋಡಿ ಹೇಳಿ" ಎಂದಳು. ಅವಳ ದನಿಯಲ್ಲಿ ಅಳು ಇರಲಿಲ್ಲ. ಅದಕ್ಕೇ ನನಗೆ ಹೆಚ್ಚು ಕಳವಳವಾಯಿತು.

ಊರಿಗೆ ಹೋಗುತ್ತಿದ್ದ ಪರಿಚಯದವರ ಕೈಯಲ್ಲಿ ನಮ್ಮ ಪ್ರಯೋಗಾಲಯದ ಬಾಟಲಿಗಳನ್ನು ಕಳಿಸಿದೆ. ಇಂಥ ಪರೀಕ್ಷೆಗೆ ಪೈಪಿನಲ್ಲಿ ಇಡೀ ರಾತ್ರಿ ಅಲುಗದೆ ನಿಂತ ನೀರೇ ಬೇಕು. ಪೈಪು ಏನನ್ನಾದರೂ ಬಿಟ್ಟುಕೊಡುತ್ತಿದ್ದರೆ ಅದು ಸೇರಿಕೊಂಡಿರುವುದು ಆ ನೀರಿನಲ್ಲೇ. ಬಾಟಲಿಯನ್ನು ತುಂಬಿ ತುಳುಕುವಂತೆ ತುಂಬಿಸಿ ಮುಚ್ಚಬೇಕು, ಒಳಗೆ ಗಾಳಿಯ ಒಂದು ಗುಳ್ಳೆಯೂ ಉಳಿಯಬಾರದು. ಉಳಿದರೆ ದ್ರಾವಕ ನೀರು ಬಿಟ್ಟು ಗುಳ್ಳೆಗೆ ಹೋಗಿ ಕೂರುತ್ತದೆ. ಕೂಸಿನ ತಾಯಿಗೆ ಬೆಳಿಗ್ಗೆ ಕೈ ಬಿಡುವಿರುವುದಿಲ್ಲವೆಂದು ಕೆಲಸವನ್ನು ಅಮ್ಮನಿಗೆ ಒಪ್ಪಿಸಿದೆ.

"ಬೆಳಿಗ್ಗೆ ಎದ್ದ ತಕ್ಷಣ ಮೇಲಿನ ಮನೆಗೆ ಹೋಗಿ ತುಂಬಿಸಮ್ಮ. ಅದಕ್ಕೆ ಮೊದಲು ಯಾರೂ ನಲ್ಲಿ ಮುಟ್ಟಬಾರದು."

"ಯಾರೂ ಮುಟ್ಟದ ಹಾಗೆ ನೋಡ್ಕೋತೀನಿ."

"ಒಂದು ಗುಳ್ಳೆಯೂ ಇರಬಾರದು. ತಲೆಕೆಳಗೆ ಮಾಡಿ ನೋಡು."

"ಬಾಟಲಿ ತಾನೇ, ನಾನಲ್ಲವಲ್ಲ" ಎಂದಳು.

ಬಂದ ಬಾಟಲಿಗಳನ್ನು ತಲೆಕೆಳಗು ಮಾಡಿ ಬೆಳಕಿಗೆ ಹಿಡಿದೆ. ಒಂದು ಗುಳ್ಳೆಯಿಲ್ಲ. ನಮ್ಮ ತರಬೇತಿ ಪಡೆದ ಹುಡುಗರೂ ಅಷ್ಟು ಚೊಕ್ಕಟವಾಗಿ ತುಂಬಿಸುವುದಿಲ್ಲ. ಹೆಮ್ಮೆಯಿಂದ ಯಂತ್ರಕ್ಕೆ ಕೊಟ್ಟೆ. ಫಲಿತಾಂಶ ಬಿಳಿಯ ಗೋಡೆಯಂತೆ ಖಾಲಿ. ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಅಪ್ಪ ಅದನ್ನು ಬಾಯಿಮಾತಿನಲ್ಲಿ ಒಪ್ಪಲಿಲ್ಲ. ಮೊಹರು ಹಾಕಿದ ಕಾಗದವೇ ಬೇಕೆಂದ. ಕಳಿಸಿದೆ. ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಕ್ಷೌರದಂಗಡಿಯಿಂದ ಹಿಡಿದು ಹಾಲಿನ ಬೂತಿನವರೆಗೆ ಓದಿಸಿದನಂತೆ. ತಮ್ಮನ ಹೆಂಡತಿ ಆಮೇಲೆ ನೀರಿನ ಮಾತೆತ್ತಲಿಲ್ಲ. ಬೇರೆ ಮಾತನ್ನೂ ಹೆಚ್ಚು ಆಡಲಿಲ್ಲ. ಮೂಗಿನ ರಾಣಿ ಮೂಗಿಯಾದಳೆಂದು ಅಪ್ಪ ಫೋನಿನಲ್ಲಿ ಹೇಳಿ ನಕ್ಕ. ಪದದ ಚಮತ್ಕಾರಕ್ಕೆ ನಾನೂ ನಕ್ಕೆ. ಬೆಳಗಿನ ಬಾಟಲಿ ಮಾತ್ರ, ಮಧ್ಯಾಹ್ನದ್ದಲ್ಲ ಎಂದು ಅವಳು ಅಷ್ಟು ಸ್ಪಷ್ಟವಾಗಿ ಹೇಳಿದ್ದು ನನ್ನ ತಲೆಯಲ್ಲಿ ಎಲ್ಲೋ ಒಂದು ಕಡೆ ಕೂತಿತ್ತು. ಆದರೆ ಯಂತ್ರ ಇಲ್ಲವೆಂದ ಮೇಲೆ ಅದನ್ನು ಎಬ್ಬಿಸಲು ಹೋಗಲಿಲ್ಲ.

ಮುಂದೊಂದು ರಜೆಗೆ ಊರಿಗೆ ಹೋದೆ. ಮೊದಲ ಬೆಳಿಗ್ಗೆ ಕೆಳಗಿನ ಅಡುಗೆಮನೆಯಲ್ಲಿ ಕಾಫಿಗೆ ಕಾಯುತ್ತ ಕೂತಿದ್ದಾಗ ತಮ್ಮನ ಹೆಂಡತಿ ಕೂಸನ್ನು ಸೊಂಟದಲ್ಲಿ ಇರಿಸಿಕೊಂಡು, ಇನ್ನೊಂದು ಕೈಯಲ್ಲಿ ಖಾಲಿ ತಂಬಿಗೆ ಹಿಡಿದು ಮೆಟ್ಟಿಲಿಳಿದು ಬಂದಳು. ನನ್ನನ್ನು ಕಂಡು ತಂಬಿಗೆಯನ್ನು ಸೆರಗಿನ ಮರೆಗೆ ತಂದಳು.

"ಏನಿಲ್ಲ ಅಕ್ಕ, ಹಾಗೇ" ಎಂದಳು.

"ಅವಳು ಮಗುವಿನ ಬೆಳಗಿನ ಹಾಲಿಗೆ ಇಲ್ಲಿಂದಲೇ ನೀರು ಒಯ್ಯೋದು" ಎಂದಳು ಅಮ್ಮ ಮೆಲ್ಲಗೆ. "ನಿಮ್ಮಪ್ಪನಿಗೆ ಹೇಳಬೇಡ. ಕುಡೀಲಿ ಬಿಡು, ಮಗುವಿಗೆ ಕೆಳಗಿನ ನೀರೇ ರುಚಿ." ಹಾಗೆನ್ನುತ್ತ ನಲ್ಲಿ ತಿರುಗಿಸಿ, ಅಗಲ ಬಾಯಿಯ ಪಾತ್ರೆ ಇಟ್ಟು, ಬೆರಳು ಒಡ್ಡಿದಳು. ಸೊಸೆ ತಂಬಿಗೆ ಮುಂದೆ ಚಾಚಿದಾಗ, "ತಡಿಯಮ್ಮ, ಇನ್ನೂ ಎದ್ದಿಲ್ಲ" ಎಂದಳು.

ನಾನು ಕೂತಲ್ಲಿಂದ ಎದ್ದೆ.

"ಅಮ್ಮ, ಅವತ್ತು ನನ್ನ ಬಾಟಲಿ ತುಂಬಿಸಿದೆಯಲ್ಲ, ನೀರು ಎಬ್ಬಿಸಿದ್ದೆಯಾ?"

"ಮತ್ತೆ?" ಎಂದಳು ಅಮ್ಮ, ಇದೆಂಥ ಪ್ರಶ್ನೆ ಎಂಬಂತೆ ತಿರುಗಿ. "ನಿಮ್ಮ ಆಫೀಸಿಗೆ ಮಲಗಿದ ನೀರು ಕಳಿಸೋದಾ? ದೊಡ್ಡ ದೊಡ್ಡವರು ನೋಡ್ತಾರೆ. ಚೆನ್ನಾಗಿ ಹರಿಯೋಕೆ ಬಿಟ್ಟು, ತಣ್ಣಗಾದ ಮೇಲೆ ತುಂಬಿಸಿದೆ. ಆ ಮೇಲಿನ ಪೈಪು ಎಷ್ಟು ಉದ್ದ ಅಂತೀಯ, ಎದ್ದೇಳೋಕೆ ಎಷ್ಟೊತ್ತು ಮಾಡ್ತು!"

ನನಗೆ ನಗು ಬಂತು. ನಗುತ್ತಲೇ ತಮ್ಮನ ಹೆಂಡತಿಯ ಮುಖ ನೋಡಿದೆ. ನಗು ನಿಂತಿತು. ಅವಳು ನಗುತ್ತಿರಲಿಲ್ಲ, ಏನೋ ಒಂದನ್ನು ತನ್ನಷ್ಟಕ್ಕೆ ಕೂಡಿಸಿ ಕಳೆದು ನೋಡುತ್ತಿದ್ದಳು.

"ಅಂದ್ರೆ ಪರೀಕ್ಷೆ ಆಗೇ ಇಲ್ವಾ ಅಕ್ಕ?"

"ಆಗಿಲ್ಲ" ಎಂದೆ.

ಮರುದಿನ ಬೆಳಿಗ್ಗೆ ನಾನೇ ಮೇಲೆ ಹೋದೆ. ಮೊದಲ ಧಾರೆಯನ್ನೇ ಒಂದು ಬಾಟಲಿಗೆ ಹಿಡಿದೆ. ಆಮೇಲೆ ಅಮ್ಮನ ಹಾಗೆ ಬೆರಳು ಒಡ್ಡಿ ನಿಂತು, ತಣ್ಣಗಾದ ಮೇಲೆ ಇನ್ನೊಂದಕ್ಕೆ. ಮೊದಲ ಬಾಟಲಿಯನ್ನು ಮುಚ್ಚುವ ಮುನ್ನ ಮೂಸಿದೆ. ಇತ್ತು. ತೀರ ಸಣ್ಣದಾಗಿ, ದೂರದ ಕೋಣೆಯಲ್ಲಿ ಯಾರೋ ಕೂತಿದ್ದಾರೆ ಎಂಬಷ್ಟು. ಮನೆಗೆ ಬಂದಾಗಿನಿಂದ ನನಗೆ ಅದು ತಿಳಿಯದೇ ಇದ್ದದ್ದು ಹೇಗೆಂದರೆ, ಆ ಮನೆಯಲ್ಲಿ ಆ ವಾಸನೆ ಇರುವುದು ನನಗೆ ಸಹಜವಾಗಿತ್ತು. ಅದು ಇದ್ದರೆ ಅಪ್ಪ ಮನೆಯಲ್ಲಿದ್ದಾನೆ ಎಂದರ್ಥ.

ರಜೆ ಮೊಟಕು ಮಾಡಿ ಪ್ರಯೋಗಾಲಯಕ್ಕೆ ಹಿಂತಿರುಗಿದೆ. ಎದ್ದ ನೀರಿನಲ್ಲಿ ಮೊದಲಿನಂತೆ ಹೆಚ್ಚೇನೂ ಇರಲಿಲ್ಲ. ಮಲಗಿದ ನೀರಿನ ಗೆರೆ ಪರದೆಯ ಮೇಲೆ ಮೂರು ಕಡೆ ಎದ್ದು ಇಳಿಯಿತು. ಮೂರೂ ಸಲ್ಯೂಷನ್ನಿನ ದ್ರಾವಕಗಳು. ಮೊದಲ ಗುಡ್ಡ ಟೆಟ್ರಾಹೈಡ್ರೋಫ್ಯುರಾನ್. ಓಡಿಹೋಗಿ ಮುಖ ಹುದುಗಿಸುತ್ತಿದ್ದ ಅಂಗಿ ಈಗ ಒಂದು ಗುಡ್ಡವಾಗಿ ನನ್ನೆದುರು ನಿಂತಿತ್ತು, ಅದರ ಎತ್ತರ ಅಳೆಯುವುದು ನನ್ನ ಕೆಲಸವಾಗಿತ್ತು. ಅಳೆದೆ. ಎರಡು ಸಲ ಅಳೆದೆ. ಕೂಸಿನ ಬಾಟಲಿಯಲ್ಲಿ ಇರಬಾರದಷ್ಟು ಇತ್ತು.

ಫೋನಿನಲ್ಲಿ ಹೇಳುವ ಮಾತಲ್ಲವೆಂದು ಆ ವಾರಾಂತ್ಯ ಮತ್ತೆ ಊರಿಗೆ ಹೋದೆ. ಅಪ್ಪ ಅಂಗಳದಲ್ಲಿ ಮಣೆಯ ಮೇಲೆ ಕೂತು ಗರಗಸದ ಹಿಡಿಗೆ ಬಟ್ಟೆ ಸುತ್ತುತ್ತಿದ್ದ.

"ಅಪ್ಪ, ಮೊದಲನೇ ಪರೀಕ್ಷೆ ತಪ್ಪಾಗಿತ್ತು."

ಅವನು ಜೇಬು ಮುಟ್ಟಿಕೊಂಡ. "ಮೊಹರು ಹಾಕಿ ಕೊಟ್ಟಿದ್ದೀಯಲ್ಲೇ."

"ನೀರು ತಪ್ಪಾಗಿತ್ತು. ಅಮ್ಮ ಎಬ್ಬಿಸಿ ತುಂಬಿಸಿದ್ದಳು. ಮಲಗಿದ ನೀರಲ್ಲಿ ಸಲ್ಯೂಷನ್ ಇದೆ."

ಅಪ್ಪ ಬಟ್ಟೆ ಸುತ್ತುವುದನ್ನು ನಿಲ್ಲಿಸಲಿಲ್ಲ. "ನನ್ನ ಒಂದು ಜಾಯಿಂಟು, ಒಂದೇ ಒಂದು, ಸೋರಿದ್ದು ತೋರಿಸು. ಆಮೇಲೆ ಮಾತಾಡು."

"ಸೋರ್ತಿವೆ ಅಪ್ಪ. ಒಳಕ್ಕೆ."

ಅವನು ತಲೆಯೆತ್ತಿ ನನ್ನನ್ನೇ ನೋಡಿದ. ಕೋಪ ಬರುತ್ತದೆಂದುಕೊಂಡೆ. ಬರಲಿಲ್ಲ. ಗೋಡೆ ಹಿಡಿದು ಎದ್ದು, ಒಂದೊಂದೇ ಮೆಟ್ಟಿಲು ಹತ್ತಿ ತಾರಸಿಗೆ ಹೋದ. ನಾನೂ ಹೋದೆ. ತೊಟ್ಟಿಯ ವಾಲ್ವು ತಿರುಗಿಸಿ ನೀರು ನಿಲ್ಲಿಸಿದ. ತಾನೇ ಹಾಕಿದ ಪೈಪಿನ ಬಿಸಿಲು ಬೀಳುವ ಒಂದು ತಿರುವನ್ನು ಆರಿಸಿ, ಈ ಕಡೆ ಆ ಕಡೆ ಕೊಯ್ದು, ಮೊಣಕೈ ತುಂಡನ್ನು ಕೈಗೆ ತೆಗೆದುಕೊಂಡ. ನೀರು ಚೆಲ್ಲಿ, ನನ್ನ ಕಣ್ಣಿಗೆ ಒಮ್ಮೆ ಕಬ್ಬಿಣದ ಪೈಪು ಹಿಡಿದ ಹಾಗೆಯೇ ತನ್ನ ಕಣ್ಣಿಗೆ ಹಿಡಿದ.

ಒಳಗೆ ಜಾಯಿಂಟಿನ ಸುತ್ತ ಅಂಟು ತುಟಿಯಂತೆ ಉಬ್ಬಿ ನಿಂತಿತ್ತು. ಕೆಳಗೆ ಅದೇ ಅಂಟು ಹರಿದು ಗುಡ್ಡೆಯಾಗಿತ್ತು. ಹೊರಗೆ ಉಬ್ಬಿದ್ದನ್ನು ಅವನು ಹೆಬ್ಬೆರಳಿನಿಂದ ಒರೆಸುತ್ತಿದ್ದ. ಒಳಗೆ ಉಬ್ಬಿದ್ದಕ್ಕೆ ಹೆಬ್ಬೆರಳು ಹೋಗುವಂತಿರಲಿಲ್ಲ. ಅಪ್ಪ ಉಗುರಿನಿಂದ ಒತ್ತಿದ. ಉಗುರು ಇಳಿಯಿತು. ಇಷ್ಟು ವಾರಗಳಾದರೂ ಮೇಲೆ ತೊಗಲು ಕಟ್ಟಿ ಒಳಗೆ ಇನ್ನೂ ಮೆತ್ತಗಿತ್ತು. ಆ ವಾಸನೆ ಎದ್ದು ಬಂತು.

"ಮೂಗಿನ ರಾಣೀನ ಕರಿ" ಎಂದ.

ತಮ್ಮನ ಹೆಂಡತಿ ಕೂಸಿನ ಸಮೇತ ಬಂದಳು, ಹಿಂದೆಯೇ ಅಮ್ಮ. ಅಪ್ಪ ತುಂಡನ್ನು ಸೊಸೆಯ ಮುಖದ ಹತ್ತಿರ ಹಿಡಿದು, "ಇದೇನಾ ನೋಡಮ್ಮ" ಎಂದ. ಅವಳು ಮೂಸಿದಳು. ಇನ್ನೊಮ್ಮೆ ಮೂಸಿದಳು.

"ಇದೇ ಮಾವ."

ಅಪ್ಪ ತಾರಸಿಯ ಕಟ್ಟೆಯ ಮೇಲೆ ಕೂತ. "ವಿಷಾನಾ ಇದು?" ಎಂದು ನನ್ನನ್ನು ಕೇಳಿದ.

ಇಂಥ ಪ್ರಶ್ನೆಗೆ ನಮ್ಮಲ್ಲಿ ಉದ್ದದ ಉತ್ತರಗಳಿವೆ. ಎಷ್ಟು, ಯಾರಿಗೆ, ಎಷ್ಟು ದಿನ ಎಂದು ಕೇಳುತ್ತ ಹೋಗಬೇಕು. "ಇಷ್ಟರಲ್ಲಿ ದೊಡ್ಡವರು ಕಾಯಿಲೆ ಬೀಳಲ್ಲ" ಎಂದೆ. "ಇಷ್ಟು ಸಣ್ಣ ಮಗು ದಿನಾ ಕುಡಿದರೆ ಏನಾಗುತ್ತೆ ಅಂತ ಯಾರೂ ಸರಿಯಾಗಿ ಅಳೆದಿಲ್ಲ. ಅಳೆದಿಲ್ಲ ಅನ್ನೋದೇ ಕೊಡಬಾರದು ಅನ್ನೋಕೆ ಸಾಕು."

"ನಾನು ಇಷ್ಟು ವರ್ಷ ಇದನ್ನೇ ಉಸಿರಾಡಿದೀನಿ."

"ಅದು ನಿನಗೆ ಒಳ್ಳೇದು ಮಾಡಿತು ಅಂತ ಯಾರು ಹೇಳಿದರು?"

ಅವನು ಬೀದಿಯತ್ತ ನೋಡಿದ. ತಾರಸಿಯಿಂದ ಅವನು ಪೈಪು ಹಾಕಿದ ಮನೆಗಳೆಲ್ಲ ಕಾಣುತ್ತಿದ್ದವು. "ಆ ಮನೆಗಳಲ್ಲಿ?"

"ಹಳೇದಾಯ್ತಪ್ಪ. ಅಂಟಿಂದ ಬರೋದೆಲ್ಲ ಯಾವತ್ತೋ ಬಂದು ಹೋಗಿರುತ್ತೆ. ಹೊಸದರಲ್ಲಿ ಮಾತ್ರ."

"ಹೊಸದರಲ್ಲಿ ಯಾರು ಕುಡಿದರು?"

ನಾನೂ ಬೀದಿಯತ್ತ ನೋಡಿದೆ. ಪ್ರತಿ ಮನೆಯಲ್ಲೂ ಆಗ ನಮ್ಮ ವಯಸ್ಸಿನ ಮಕ್ಕಳಿದ್ದರು. ನಮ್ಮ ಮನೆಯಲ್ಲಿ ನಾನೂ ತಮ್ಮನೂ. ಅಪ್ಪ ಮೆಲ್ಲಗೆ ಅಮ್ಮನ ಕಡೆ ತಿರುಗಿದ.

"ನಮ್ಮನೇಲಿ ಗಿಡ ಕುಡಿದವು" ಎಂದಳು ಅಮ್ಮ.

ಆಮೇಲೆ ಕುಂಡಗಳ ನೆನಪಾಗಿ, "ಅದಕ್ಕೇ ಏನೋ, ಆ ವರ್ಷ ಎರಡು ಒಣಗಿಹೋದವು" ಎಂದು ಸೇರಿಸಿದಳು. ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ನಾನು ಹೇಳಲು ಹೋದೆ. ಆದರೆ ಸಂಬಂಧವಿಲ್ಲವೆಂಬುದು ನನಗೂ ಗೊತ್ತಿಲ್ಲವೆಂದು ಹೊಳೆಯಿತು.

ಅಪ್ಪ ಜೇಬಿನಿಂದ ಮೊಹರಿನ ಕಾಗದ ತೆಗೆದ. ಅದು ಮಡಿಸಿ ಬಿಡಿಸಿ ಬಟ್ಟೆಯಂತೆ ಮೆತ್ತಗಾಗಿತ್ತು. ಅದನ್ನು ನನಗೆ ಕೊಡುತ್ತಾನೆಂದುಕೊಂಡೆ. ಸೊಸೆಯ ಕೈಗೆ ಕೊಟ್ಟ. "ಒಲೆಗೆ ಹಾಕು" ಎಂದ. ಅದೇ ಅವನ ಕ್ಷಮಾಪಣೆ. ಅವಳಿಗೂ ಅದು ತಿಳಿಯಿತು; ತಲೆಯಾಡಿಸಿ ಕಾಗದವನ್ನು ಕೂಸಿನ ಕೈಗೆ ಸಿಗದಂತೆ ಎತ್ತಿ ಹಿಡಿದಳು.

ಮರುದಿನದಿಂದ ಅಪ್ಪ ಇಡೀ ಪೈಪನ್ನು ಕಿತ್ತು ಹೊಸದಾಗಿ ಹಾಕಿದ. ತಮ್ಮನ ಹೊಸ ಗೋಡೆಗೆ ಕೊನೆಗೂ ತೂತು ಬಿತ್ತು. "ಮೊದಲೇ ಕೊರೆದಿದ್ರೆ ಆಗ್ತಿತ್ತು" ಎಂದು ತಮ್ಮ ಗೊಣಗಿದಾಗ, "ಮೊದಲೇ ನಿನ್ನ ತಲೆ ಕೊರೀಬೇಕಿತ್ತು" ಎಂದ ಅಪ್ಪ. ಪೈಪು ನೆರಳಲ್ಲಿ ನೇರವಾಗಿ ಇಳಿಯಿತು, ತಿರುವುಗಳು ಬೆರಳೆಣಿಕೆಯಷ್ಟಾದವು. ಅಂಟು ಪೈಪಿನ ತುದಿಗೆ ಮಾತ್ರ, ತೆಳ್ಳಗೆ, ಒಂದೇ ಕೈ. ಎರಡನೇ ಕೈಗೆ ಕುಂಚ ತಾನಾಗಿ ಡಬ್ಬಿಗೆ ಇಳಿಯುತ್ತಿತ್ತು. ಅಪ್ಪ ಹಲ್ಲು ಕಚ್ಚಿ ಮುಚ್ಚಳ ಹಾಕುತ್ತಿದ್ದ. ಹಾಕಿದ ಪೈಪಿನ ಎರಡೂ ಬಾಯಿ ತೆರೆದು ಗಾಳಿಯಾಡಲು ಬಿಟ್ಟ. ಆಮೇಲೆ ನೀರು ತುಂಬಿಸುವುದು, ಚೆಲ್ಲುವುದು, ಮತ್ತೆ ತುಂಬಿಸುವುದು.

ತುಂಬಿಸಿದ ಮೊದಲ ದಿನವೇ ಒಂದು ಜಾಯಿಂಟು ಸೋರಿತು.

ಧಾರೆಯಲ್ಲ. ಒಂದು ಹನಿ ಕೂಡಿಕೊಂಡು, ಬಹಳ ಹೊತ್ತು ಯೋಚಿಸಿ, ಕೆಳಗೆ ಬೀಳುತ್ತಿತ್ತು. ಅಪ್ಪ ಅದರ ಕೆಳಗೊಂದು ಲೋಟ ಇಟ್ಟು ಎದುರಿಗೇ ಮಣೆಯ ಮೇಲೆ ಕೂತುಬಿಟ್ಟ. ಸುದ್ದಿ ಬೀದಿಗೆ ಹೇಗೆ ಹೋಯಿತೋ, ಕ್ಷೌರದಂಗಡಿಯವನು ಅಂಗಡಿ ಬಿಟ್ಟು ನೋಡಲು ಬಂದ.

"ಏನ್ ಮೇಸ್ತ್ರಿ, ಸೋರ್ತಲ್ಲ!"

"ಸೋರಲಿ" ಎಂದ ಅಪ್ಪ. "ಕಾಣೋ ಹಾಗೆ ಸೋರ್ತಿದೆ."

ಅದನ್ನು ಮತ್ತೆ ಕೊಯ್ದು ಸರಿಮಾಡಿದ. ಅಲ್ಲಿಂದ ಮುಂದೆ ಪ್ರತಿ ಬೆಳಿಗ್ಗೆ ಮಲಗಿದ ನೀರಿನ ಮೊದಲ ಲೋಟ ಸೊಸೆಯ ಮೂಗಿಗೆ. ನಾನು ನನ್ನ ಕೆಲಸಕ್ಕೆ ಹಿಂತಿರುಗಿದ್ದೆ. ಅಪ್ಪ ದಿನವೂ ಫೋನು ಮಾಡಿ "ಇವತ್ತೂ ಇದೆಯಂತೆ", "ಇವತ್ತು ಸ್ವಲ್ಪ ಕಮ್ಮಿಯಂತೆ" ಎಂದು ವರದಿ ಒಪ್ಪಿಸುತ್ತಿದ್ದ. ನನ್ನ ಯಂತ್ರಕ್ಕೂ ಬಾಟಲಿ ಕಳಿಸಿದ. ಆದರೆ ಅದರ ಉತ್ತರ ಬರುವ ತನಕ ಕಾಯುವ ತಾಳ್ಮೆ ಅವನಿಗಿರಲಿಲ್ಲ. ಒಂದು ದಿನ ಫೋನಿನಲ್ಲಿ ಆಚೆ ಬದಿಯ ಮಾತೇ ಕೇಳಿಸಿತು.

"ಇಲ್ಲ ಮಾವ."

"ಸರಿಯಾಗಿ ಮೂಸು. ನೆಗಡಿ ಗಿಗಡಿ ಆಗಿದೆಯಾ?"

"ಇಲ್ಲ ಮಾವ, ಏನೂ ಇಲ್ಲ. ಬರೀ ನೀರು."

"ನನಗೋಸ್ಕರ ಹೇಳಬೇಡ ಕಣಮ್ಮ."

ಆಮೇಲೆ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. "ಏನಾಯ್ತಪ್ಪ?" ಎಂದೆ.

"ಕುಡಿದುಬಿಟ್ಟಳು ಕಣೇ" ಎಂದ ಅಪ್ಪ. "ಇಡೀ ಲೋಟ." ಹಿಂದಿನಿಂದ ಒಲೆ ಹೊತ್ತಿಸಿದ ಸದ್ದು ಬಂತು, ಅವಳು ಕೂಸಿನ ಹಾಲಿಗೆ ನೀರಿಡುತ್ತಿದ್ದಳು. ಮೂರನೆಯ ದಿನ ನನ್ನ ಯಂತ್ರವೂ ಅವಳ ಮಾತನ್ನೇ ಹೇಳಿತು.

ಅಪ್ಪ ಹೋಗಿ ವರ್ಷಗಳಾದವು. ಅವನ ಹಿಂದೆಯೇ ಅಮ್ಮನೂ. ಆ ಕೂಸು ಈಗ ನನಗಿಂತ ಎತ್ತರ. ಅಂದು ಕೊಯ್ದ ಮೊಣಕೈ ತುಂಡು ನನ್ನ ಪ್ರಯೋಗಾಲಯದ ಮೇಜಿನ ಮೇಲೆ ಕಾಗದಗಳು ಹಾರದಂತೆ ಕೂತಿದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಒಳಗಿನ ಉಬ್ಬನ್ನು ತೋರಿಸಿ, ನೀರು ತುಂಬಿಸಲು ಹೋದ ಮನೆಯಲ್ಲಿ ನಲ್ಲಿ ತಿರುಗಿಸುವವರ ಕೈಯನ್ನೂ ಗಮನಿಸಿ ಎಂದು ಹೇಳುತ್ತೇನೆ. ಅವರಲ್ಲಿ ಕೆಲವರು ಅದನ್ನು ಮೂಗಿಗೆ ಹಿಡಿದು ನೋಡುತ್ತಾರೆ.

"ಏನೂ ವಾಸನೆ ಇಲ್ವಲ್ಲ ಮೇಡಂ" ಎನ್ನುತ್ತಾರೆ.

"ಇಲ್ಲ, ಎಲ್ಲ ಆರಿಹೋಗಿದೆ" ಎನ್ನುತ್ತೇನೆ. ಅಂಟು ಕಲ್ಲಾಗಿದೆ, ಉಗುರು ಇಳಿಯುವುದಿಲ್ಲ. ಬಿಡಬೇಕಾದದ್ದನ್ನೆಲ್ಲ ಅದು ಬಿಟ್ಟುಕೊಟ್ಟಾಗಿದೆ. ಯಂತ್ರಕ್ಕೆ ಕೊಟ್ಟರೂ ಗೆರೆ ಏಳದು, ಕೊಟ್ಟು ನೋಡಿದ್ದೇನೆ. ಅವರು ಕೆಳಗಿಟ್ಟು ತಮ್ಮ ಕೆಲಸಕ್ಕೆ ಹೋದ ಮೇಲೆ ತುಂಡನ್ನು ಅದರ ಜಾಗಕ್ಕೆ ಸರಿಸಲು ಕೈಗೆತ್ತಿಕೊಳ್ಳುತ್ತೇನೆ. ಸರಿಸುವ ಮೊದಲು ನಾನೂ ಒಮ್ಮೆ ಮೂಸಿ ನೋಡುತ್ತೇನೆ.